ಕಾಡಿನ ಅರಿವು ತರಗತಿಯೊಳಗೆ ಬರೋದು ಹೇಗೆ?

ಈ ಸಲದ ಪತ್ರಗಳಲ್ಲಿ ಆದಿವಾಸಿ ಮಕ್ಕಳ ಓದಿನ ಬಗ್ಗೆ, ಅದರಲ್ಲೂ ಸೋಲಿಗ ಮಕ್ಕಳ ಬಗ್ಗೆ ಕೇಳಿದವರೇ ಜಾಸ್ತಿ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಆಶ್ರಮ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಹೊರಗೆ ಕರೆದುಕೊಂಡು ಹೋದರೆ ಯಾವ ಮರದಲ್ಲಿ ಯಾವ ಜೇನು ಕಟ್ಟಿದೆ ಅಂತ ಪಟಪಟ ಹೇಳುತ್ತಾನೆ. ಇದನ್ನು ಪಾಠಕ್ಕೆ ತರೋದು ಹೇಗೆ? ಸಿಲೆಬಸ್ ಬೇರೆ ಮುಗಿಸಬೇಕು.
– ಒಬ್ಬ ಶಿಕ್ಷಕಿ, ಚಾಮರಾಜನಗರ ಜಿಲ್ಲೆ

ಉತ್ತರ: ಮೇಡಂ, ಆ ಹುಡುಗನಿಂದಲೇ ಶುರು ಮಾಡಿ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಅಂತ ಬೋರ್ಡಿನ ಮೇಲೆ ನಾಲ್ಕು ಕಾಲಂ ಹಾಕಿ, ಬಾಕಿಯದನ್ನು ಮಕ್ಕಳೇ ತುಂಬಲಿ. ಹೆಜ್ಜೇನು ಎತ್ತರದ ಕೊಂಬೆಗೋ ಬಂಡೆಗೋ ಒಂದೇ ದೊಡ್ಡ ತಟ್ಟಿ ನೇತುಹಾಕುತ್ತದೆ. ತುಡುವೆ ಪೊಟರೆಯೊಳಗೆ ಸಾಲಾಗಿ ಹಲವು ತಟ್ಟಿ ಕಟ್ಟುತ್ತದೆ. ಕಡ್ಡಿಜೇನಿಗೆ ಒಂದು ಸಣ್ಣ ಕಡ್ಡಿ ಸಾಕು. ನಸರಿಗೆ ಚುಚ್ಚುವ ಮುಳ್ಳೇ ಇಲ್ಲ. ವರ್ಗೀಕರಣ, ವಾಸಸ್ಥಾನ, ಆಹಾರ, ಎಲ್ಲಾ ಇದರಲ್ಲೇ ಬಂತಲ್ವಾ? ಕಾಡಿನ ಉತ್ಪನ್ನ ಕೊಳ್ಳುವ ಆದಿವಾಸಿಗಳ ಸಹಕಾರ ಸಂಘ ಲ್ಯಾಂಪ್ಸ್‌ಗೆ ಎಷ್ಟು ಕೆಜಿ ಜೇನು ಹಾಕಿದರು, ದರ ಎಷ್ಟು, ಕೈಗೆ ಬಂದದ್ದೆಷ್ಟು ಅಂತ ಲೆಕ್ಕ ಕೊಟ್ಟರೆ ಗಣಿತವೂ ಆಯಿತು. ಮಕ್ಕಳು ಮೊದಲು ಸೋಲಿಗ ನುಡಿಯಲ್ಲೇ ಹೇಳಲಿ, ಕನ್ನಡ ಪಕ್ಕದಲ್ಲೇ ಬರುತ್ತದೆ. ಇದು ನೀವು ತೋರುವ ದಯೆಯಲ್ಲ. ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ.

ಆಮೇಲೆ ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರನ್ನು ಕರೆಸಿ. ಆದರೆ ದಯವಿಟ್ಟು ವಾರ್ಷಿಕೋತ್ಸವದ ಸ್ಟೇಜ್ ಮೇಲೆ ಕೂರಿಸಿ, ಶಾಲು ಹೊದಿಸಿ, ಒಂದು ಹಾಡು ಹಾಡಿಸಿ ಕಳಿಸಬೇಡಿ. ಆದಿವಾಸಿ ಅರಿವು ಅಂದರೆ ವರ್ಷಕ್ಕೊಂದು ದಿನದ ಡೊಳ್ಳು, ಕುಣಿತ ಅಂತ ನಮ್ಮ ಶಾಲೆಗಳು ತಿಳಿದುಕೊಂಡಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಅವರನ್ನು ಮೇಷ್ಟ್ರು ಅಂತಲೇ ಕರೆಸಿ, ಅವತ್ತಿನ ಕೂಲಿಗೆ ಕಡಿಮೆಯಾಗದ ಹಾಗೆ ಗೌರವಧನ ಕೊಡಿಸಿ, ಮಕ್ಕಳ ಜೊತೆ ಹೊರಗೆ ನಡೆಯಲು ಬಿಡಿ. ನೀವು ನೋಟ್ಸ್ ಬರೆದುಕೊಳ್ಳಿ.

ಒಂದು ವಿಷಯವನ್ನಂತೂ ಕೇಳಲೇಬೇಕು, ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲೇ, ನೆಲದ ಮೇಲೆ ಬಿದ್ದ ತರಗೆಲೆಗೆ ಸಣ್ಣಗೆ ಬೆಂಕಿ ಹಾಕುವ ಪದ್ಧತಿ ಸೋಲಿಗರಲ್ಲಿತ್ತು. ಮೇಲಿನ ತರಗು ಉರಿದು ಹೋಗುತ್ತಿತ್ತು, ದೊಡ್ಡ ಮರಗಳು ಉಳಿಯುತ್ತಿದ್ದವು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ಹಾಕುವುದು ನಿಂತುಹೋಯಿತು. ಆಮೇಲೆ ಹೊರಗಿನಿಂದ ಬಂದ ಲಂಟಾನ ಪೊದೆ ಕಾಡನ್ನೇ ಮುಚ್ಚಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು, ಅಂದರೆ ಬಂದಳಿಕೆ, ಜಾಸ್ತಿಯಾಯಿತು ಅಂತ ಹಿರಿಯರು ಹೇಳುತ್ತಾರೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಕಾಡಿಗೆ ಬೆಂಕಿ ಬಿದ್ದರೆ ಏನೆಲ್ಲಾ ಹೋಗುತ್ತದೆ ಅನ್ನುವ ಅರಣ್ಯ ಇಲಾಖೆಯ ಭಯಕ್ಕೂ ಕಾರಣವಿದೆ. ಎರಡೂ ಕಡೆಯ ಮಾತನ್ನು ಮಕ್ಕಳ ಮುಂದಿಡಿ. ಒಂದು ಲಂಟಾನ ಪೊದೆಯ ಕೆಳಗೆ ಎಷ್ಟು ಸಸಿ ಮೊಳೆತಿವೆ, ಪೊದೆಯಿಲ್ಲದ ಅಷ್ಟೇ ಜಾಗದಲ್ಲಿ ಎಷ್ಟಿವೆ ಅಂತ ಅವರೇ ಎಣಿಸಲಿ. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗಂತೂ ಹೊಳೆಯುತ್ತಿಲ್ಲ.

ಪ್ರಶ್ನೆ: ಕಾಡಿನ ಮಕ್ಕಳಿಗೆ ಕಾಡಿನ ಪಾಠವನ್ನೇ ಹೇಳಿಕೊಟ್ಟರೆ ಅವರು ಡಾಕ್ಟರು, ಎಂಜಿನಿಯರು ಆಗೋದು ಯಾವಾಗ? ಸುಮ್ನೆ ಅವರನ್ನು ಅಲ್ಲೇ ಕಟ್ಟಿಹಾಕಿದ ಹಾಗಾಗುವುದಿಲ್ಲವೇ?
– ಮೈಸೂರಿನ ಓದುಗರು

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಪೋಡುಗಳಲ್ಲಿ ಎಷ್ಟೋ ಅಪ್ಪ-ಅಮ್ಮಂದಿರೂ ಇದನ್ನೇ ಕೇಳುತ್ತಾರೆ. ಇಂಗ್ಲಿಷು, ಗಣಿತ, ಕಂಪ್ಯೂಟರು ಬಿಟ್ಟು ಬರೀ ಗಿಡಮರ ಹೇಳಿಕೊಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ಅದು ಅನ್ಯಾಯ. ಇಂಗ್ಲಿಷ್ ಮೇಷ್ಟ್ರ ಹುದ್ದೆ ಖಾಲಿ ಬಿಟ್ಟು 'ಸ್ಥಳೀಯ ಜ್ಞಾನ' ಅಂತ ಬೋರ್ಡ್ ಹಾಕುವ ಶಾಲೆ ಆ ಮಕ್ಕಳಿಗೆ ಎರಡು ಸಲ ಮೋಸ ಮಾಡುತ್ತದೆ.

ಆದರೆ ಮಗು ಶಾಲೆ ಬಿಡುವುದು ಯಾವಾಗ? ತನಗೆ ಗೊತ್ತಿರುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ ಅಂತ ಅದಕ್ಕೆ ಅನ್ನಿಸಿದಾಗ. ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಇದೆ. ಅಲ್ಲಿ ಓದಿದ ಸೋಲಿಗ ಸಮುದಾಯದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು, ತಮ್ಮ ಜನರ ಕಾಡಿನ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಾರೆ, ಅರಣ್ಯ ಹಕ್ಕಿಗಾಗಿಯೂ ದುಡಿದಿದ್ದಾರೆ. ಅವರಿಗೆ ಕಾಡು, ಓದು ಒಂದಕ್ಕೊಂದು ಅಡ್ಡ ಬರಲಿಲ್ಲ.

ಪ್ರಶ್ನೆ: ಹಳೆಯ ಅರಿವೆಲ್ಲಾ ಸರಿ ಅಂತ ಒಪ್ಪಿಕೊಳ್ಳಬೇಕಾ?
– ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬೇಡ. ಹಾವು ಕಚ್ಚಿದರೆ ಬೇರು ಹುಡುಕುತ್ತಾ ಕೂರಬಾರದು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಓಡಬೇಕು. ಇದನ್ನು ಕಾಡಂಚಿನ ಶಾಲೆಯಲ್ಲೂ ಗಟ್ಟಿಯಾಗಿ ಹೇಳಿಕೊಡಬೇಕು. ಪುಸ್ತಕದ ಮಾತನ್ನು ಹೇಗೆ ಪರೀಕ್ಷಿಸುತ್ತೇವೋ ಹಾಗೇ ಅಜ್ಜನ ಮಾತನ್ನೂ ಪರೀಕ್ಷಿಸಿ. ಕೇಳಿಸಿಕೊಳ್ಳುವ ಮೊದಲೇ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ, ಅಷ್ಟೇ.

ಪ್ರಶ್ನೆ: ನಾನು ಸೋಲಿಗರ ಹುಡುಗಿ, ಡಿಗ್ರಿ ಓದುತ್ತಿದ್ದೇನೆ. ಮನೆಮದ್ದಿನ ಬಗ್ಗೆ ಪ್ರಾಜೆಕ್ಟ್ ಮಾಡು ಅಂದರು ನಮ್ಮ ಗೈಡ್. ಅಜ್ಜಿ ಕೆಲವು ಹೇಳಿದರು, ಇನ್ನು ಕೆಲವನ್ನು 'ಬರೀಬೇಡ ಮಗ' ಅಂದರು. ಬರೆಯದಿದ್ದರೆ ಪ್ರಾಜೆಕ್ಟ್ ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ತಂಗಿ, ಅಜ್ಜಿ ಬೇಡ ಅಂದದ್ದನ್ನು ಬರೆಯಬೇಡಿ. ಅದು ನಿಮ್ಮಜ್ಜಿಯ ಹಟವಲ್ಲ, ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಂ ಜೀವವೈವಿಧ್ಯಕ್ಕೆ ಸೇರಿದ ಸಾಂಪ್ರದಾಯಿಕ ಅರಿವಿನ ಮೇಲೆ ಸಮುದಾಯಕ್ಕೇ ಹಕ್ಕು ಕೊಟ್ಟಿದೆ. ನಿಮ್ಮ ಬೆಟ್ಟದ ಪೋಡುಗಳಿಗೆ ಇದೇ ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ, ಅದು ಹುಲಿ ಮೀಸಲು ಪ್ರದೇಶವಾದ ವರ್ಷವೇ.

ಪಕ್ಕದ ಕೇರಳದ ಕಾಣಿ ಆದಿವಾಸಿಗಳ ವಿಷಯ ನಿಮ್ಮ ಗೈಡ್‌ಗೂ ಹೇಳಿ. 1987ರಲ್ಲಿ ಅಗಸ್ತ್ಯ ಬೆಟ್ಟ ಹತ್ತುವಾಗ ವಿಜ್ಞಾನಿಗಳಿಗೆ ಸುಸ್ತಾಗಿತ್ತು. ದಾರಿ ತೋರಿಸುತ್ತಿದ್ದ ಕಾಣಿ ಯುವಕರು ಮಾತ್ರ ಒಂದು ಪುಟ್ಟ ಗಿಡದ ಕಾಯಿ ತಿಂದುಕೊಂಡು ಆರಾಮಾಗಿ ನಡೆಯುತ್ತಿದ್ದರು. ಏನದು ಅಂತ ಕೇಳಿದ್ದಕ್ಕೆ ಮೊದಲು ಹೇಳಲು ಹಿಂಜರಿದರು, ಆಮೇಲೆ ಆರೋಗ್ಯಪಚ್ಚೆ ಅನ್ನುವ ಆ ಗಿಡ ತೋರಿಸಿದರು. ಅದರಿಂದ 'ಜೀವನಿ' ಅನ್ನುವ ಔಷಧ ಬಂತು. ಲೈಸೆನ್ಸ್ ಹಣದಲ್ಲಿ, ರಾಯಧನದಲ್ಲಿ ಅರ್ಧ ಕಾಣಿಗಳಿಗೆ ಅಂತ ಔಷಧ ರೂಪಿಸಿದ ಸಂಸ್ಥೆ ತೀರ್ಮಾನಿಸಿತು, 1997ರಲ್ಲಿ ಅವರದೇ ಟ್ರಸ್ಟ್ ಕೂಡ ಆಯಿತು. ಲೋಕವೆಲ್ಲಾ ಇದನ್ನು ಮಾದರಿ ಅಂತ ಹೊಗಳಿತು. ಆದರೂ ಹೇಳಿದ್ದು ಕೆಲವರು, ಅರಿವು ಇಡೀ ಸಮುದಾಯದ್ದು, ಒಪ್ಪಿಗೆ ಯಾರು ಕೊಡಬೇಕಿತ್ತು ಅನ್ನುವ ತಕರಾರು ಕಾಣಿಗಳ ಒಳಗೇ ಎದ್ದಿತು.

ಅದಕ್ಕೇ ಹೇಳುವುದು, ಮೊದಲು ಪೋಡಿನಲ್ಲಿ ಸಭೆ ಸೇರಿಸಿ ಏನು ಬರೆಯುತ್ತೀರಿ, ಯಾರು ಓದುತ್ತಾರೆ, ನೆಟ್‌ಗೆ ಹಾಕುತ್ತಾರಾ ಅಂತ ಬಿಡಿಸಿ ಹೇಳಿ. ಒಪ್ಪಿದ್ದನ್ನು ಮಾತ್ರ ಬರೆಯಿರಿ. ಮದ್ದು ಮಾಡುವ ಅಳತೆ, ಬೆರಕೆ ಬೇಡ. ಗಿಡ ಎಲ್ಲಿ ಬೆಳೆಯುತ್ತದೆ, ಯಾವ ತಿಂಗಳಲ್ಲಿ ಕೀಳುತ್ತಾರೆ, ಎಷ್ಟು ಬಿಟ್ಟು ಬರುತ್ತಾರೆ, ಇಷ್ಟರಲ್ಲೇ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಅಜ್ಜಿ ಒಪ್ಪಿದರೆ ಅವರ ಹೆಸರನ್ನು ಮೊದಲ ಪುಟದಲ್ಲೇ ಹಾಕಿ, ಕೊನೆಯ ಪುಟದ ಕೃತಜ್ಞತೆಯಲ್ಲಲ್ಲ. ಒಂದು ಪ್ರತಿ ಪೋಡಿನಲ್ಲಿರಲಿ. ಗೈಡ್ ಒಪ್ಪದೇ ಹೋದರೆ ಅರಣ್ಯ ಹಕ್ಕು ಕಾಯ್ದೆಯ ಆ ಕಲಂ ಇರುವ ಪುಟವನ್ನು ಜೆರಾಕ್ಸ್ ಮಾಡಿಸಿ ಅವರ ಕೈಗೆ ಕೊಡಿ, ಏನಂದರು ಅಂತ ನನಗೆ ಬರೆಯಿರಿ.