ಗ್ರೋಹುಫ್ ಕದನದಲ್ಲಿ ಹಾರಿದ್ದು ಟಿಪ್ಪುವಿನ ರಾಕೆಟ್ಟಾ?

ಪ್ರಶ್ನೆ: 1831ರಲ್ಲಿ ಪೋಲೆಂಡಿನವರು ರಷ್ಯಾದ ವಿರುದ್ಧ ಗ್ರೋಹುಫ್‌ನಲ್ಲಿ ಹೋರಾಡಿದಾಗ ಟಿಪ್ಪು ಸುಲ್ತಾನನ ರಾಕೆಟ್ ಬಳಸಿದ್ದರು ಅಂತ ಸ್ನೇಹಿತರೊಬ್ಬರು ಹೇಳಿದರು. ನಿಜವೇ? ಆ ಕದನದಲ್ಲಿ ಗೆದ್ದವರು ಯಾರು?
– ಓದುಗರು, ಮಂಡ್ಯ

ಉತ್ತರ: ಟಿಪ್ಪುವಿನ ರಾಕೆಟ್ ಅಲ್ಲ, ಅದರ ಸಂತತಿ ಅನ್ನಬಹುದು. ನಿಮ್ಮ ಸ್ನೇಹಿತರು ಸುಮ್ನೆ ಹೇಳಿದ್ದಲ್ಲ.

ನಮ್ಮ ಮೈಸೂರು ಸೈನ್ಯದವರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಅದನ್ನು ಬಿದಿರಿನ ಗಳಕ್ಕೆ ಬಿಗಿದು ಹಾರಿಸುತ್ತಿದ್ದರು. ಕಬ್ಬಿಣವಾದ್ದರಿಂದ ಮದ್ದಿನ ಒತ್ತಡ ತಡೆಯುತ್ತಿತ್ತು, ಬಾಣ ದೂರ ಹೋಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅದೇ ಉಪಾಯವನ್ನು ಬೆಳೆಸಿ ತನ್ನ ರಾಕೆಟ್ ಮಾಡಿದ. ಅದು ಯುರೋಪಿನ ಸೈನ್ಯಗಳಿಗೆ ಹಬ್ಬಿತು. ಪೋಲೆಂಡಿನ ಫಿರಂಗಿ ದಳದ ಅಧಿಕಾರಿ ಯೂಝೆಫ್ ಬೆಮ್ ಇದರ ಪ್ರಯೋಗಗಳನ್ನು ಮಾಡಿ 1820ರಲ್ಲಿ ಪುಸ್ತಕವನ್ನೇ ಹೊರತಂದ. ಮುಂದೆ ಪೋಲಿಷ್ ಸೈನ್ಯದಲ್ಲಿ ರಾಕೆಟ್ ದಳವೂ ಹುಟ್ಟಿತು. ಆಗ ಪೋಲೆಂಡಿನ ರಾಜ ರಷ್ಯಾದ ಚಕ್ರವರ್ತಿಯೇ! ಅವನ ಆಳ್ವಿಕೆಯಲ್ಲೇ ಬೆಳೆದ ದಳ ಅವನ ಸೈನ್ಯದ ಮೇಲೇ ತಿರುಗಿತು.

1830ರ ನವೆಂಬರ್ 29ರ ರಾತ್ರಿ ವಾರ್ಸಾದಲ್ಲಿ ದಂಗೆ ಶುರುವಾಯಿತು. ಜನವರಿಯಲ್ಲಿ ಪೋಲಿಷ್ ಸಂಸತ್ತು ಆ ಚಕ್ರವರ್ತಿ ಒಂದನೇ ನಿಕೋಲಸ್‌ನನ್ನು ಪೋಲೆಂಡಿನ ಪಟ್ಟದಿಂದ ಇಳಿಸಿತು. ಫೆಬ್ರವರಿಯಲ್ಲಿ ರಷ್ಯಾದ ಸೇನಾಪತಿ ಡೀಬಿಚ್ ದೊಡ್ಡ ಸೈನ್ಯ ತಂದ. 25ರಂದು ವಾರ್ಸಾದ ಪೂರ್ವಕ್ಕಿದ್ದ ಗ್ರೋಹುಫ್‌ನಲ್ಲಿ ಎದುರಾದಾಗ ರಷ್ಯಾದವರು ಸುಮಾರು 60,000, ಪೋಲರು 40,000ದೊಳಗೆ.

ಇಡೀ ದಿನದ ಜಗಳ ಒಂದು ಸಣ್ಣ ತೋಪಿಗೆ. ಆಲ್ಡರ್ ಮರಗಳ ತೋಪು, ಜವುಗು ನೆಲ. ಅದು ಮತ್ತೆ ಮತ್ತೆ ಕೈ ಬದಲಾಯಿಸಿತು. ತೋಪು ಕಾಯುತ್ತಿದ್ದ ಪೋಲಿಷ್ ಜನರಲ್ ಝಿಮಿರ್ಸ್ಕಿಗೆ ಫಿರಂಗಿ ಗುಂಡು ಬಡಿದು ಪ್ರಾಣ ಹೋಯಿತು. ಹೆಸರಿಗೆ ರಾಡ್ಜಿವಿಲ್ ಸೇನಾಪತಿಯಾದರೂ ನಿಜವಾಗಿ ಯುದ್ಧ ನಡೆಸುತ್ತಿದ್ದವನು ಹ್ವೊಪಿತ್ಸ್ಕಿ. ಅವನಿಗೂ ಗುಂಡು ಸಿಡಿದು ಕಾಲಿಗೆ ಪೆಟ್ಟು ಬಿತ್ತು. ಅಪ್ಪಣೆ ಕೊಡುವವರೇ ಇಲ್ಲದಂತಾಯಿತು. ತೋಪು ಕೈತಪ್ಪಿತು.

ಆ ಹೊತ್ತಿಗೆ ಎದೆಕವಚ ತೊಟ್ಟ ರಷ್ಯಾದ ಕುದುರೆ ಸವಾರರು ನುಗ್ಗಿದರು. ಪೋಲಿಷ್ ಕಾಲಾಳುಗಳು ಚೌಕ ಕಟ್ಟಿ ನಿಂತಿದ್ದರು. ಸವಾರರು ಆ ಚೌಕಗಳ ನಡುವೆ ಹಾದು ಒಳಗೆ ಬಂದೇ ಬಿಟ್ಟರು. ರಾಕೆಟ್ ದಳ ಕೆಲಸಕ್ಕೆ ಬಂದದ್ದು ಇಲ್ಲೇ. ಕಾಂಗ್ರೀವ್ ರಾಕೆಟ್ಟಿಗೆ ಗುರಿ ಅಷ್ಟಕ್ಕಷ್ಟೇ. ಆದರೆ ಬೆಂಕಿಯ ಬಾಲ ಬಿಟ್ಟುಕೊಂಡು ಚೀರುತ್ತಾ ಬರುವ ಅದನ್ನು ಕಂಡರೆ ಕುದುರೆ ನಿಲ್ಲುತ್ತದೆಯೇ? ಕುದುರೆಗಳು ಬೆದರಿ ಸಾಲು ಚೆದುರಿತು. ಪೋಲಿಷ್ ಸೇನಾನಿ ಕಿತ್ಸ್ಕಿಯ ಭರ್ಜಿ ಸವಾರರು ಮೇಲೆ ಬಿದ್ದರು. ಒಳಗೆ ನುಗ್ಗಿದ್ದ ಆ ರೆಜಿಮೆಂಟ್ ಬಹುಪಾಲು ನಾಶವಾಯಿತು.

ಇನ್ನು ಗೆಲುವಿನ ಮಾತು. ಮೈದಾನ ಉಳಿದದ್ದು ರಷ್ಯಾದವರಿಗೆ. ಪೋಲರು ವಿಸ್ಟುಲಾ ನದಿ ದಾಟಿ ಹಿಂದೆ ಸರಿದರು, ಸುಮಾರು 7,000 ಮಂದಿಯನ್ನು ಕಳೆದುಕೊಂಡರು. ರಷ್ಯಾದವರಿಗೆ ಆದ ನಷ್ಟ ಅದಕ್ಕಿಂತ ಜಾಸ್ತಿ. ಬಂದದ್ದು ವಾರ್ಸಾ ಹಿಡಿಯಲು ಅಲ್ವಾ? ಅದು ಆಗಲಿಲ್ಲ. ಹಾಗಾಗಿ ಇದನ್ನು ರಷ್ಯಾದ ಗೆಲುವು ಅನ್ನಲು ನನಗೆ ಮನಸ್ಸು ಬಾರದು. ಜೂನ್‌ನಲ್ಲಿ ಡೀಬಿಚ್ ಕಾಲರಾದಿಂದ ಸತ್ತ. ಸೆಪ್ಟೆಂಬರ್‌ನಲ್ಲಿ ಅವನ ಜಾಗಕ್ಕೆ ಬಂದ ಪಾಸ್ಕೆವಿಚ್ ಇನ್ನೊಂದು ದಿಕ್ಕಿನಿಂದ, ವೋಲಾ ಕಡೆಯಿಂದ ಬಂದು ನಗರ ಹಿಡಿದ.

ಆ ತೋಪಿನ ಜಾಗ ಈಗ ವಾರ್ಸಾ ನಗರದೊಳಗೇ ಇದೆ. ಹತ್ತಿರದ ರೈಲು ನಿಲ್ದಾಣದ ಹೆಸರು ಓಲ್ಶಿಂಕಾ ಗ್ರೋಹೋಫ್ಸ್ಕಾ. ಅಂದರೆ ಗ್ರೋಹುಫ್‌ನ ಆಲ್ಡರ್ ತೋಪು.