ಓದುಗರ ಪ್ರಶ್ನೆ, ಡೈವರ್ ಉತ್ತರ: ತಣ್ಣೀರಿಗೆ ಎಂಥ ಡ್ರೈಸೂಟ್, ಅದರೊಳಗೆ ಎಂಥ ಉಡುಪು?

ಪ್ರಶ್ನೆ (ಪುಣೆಯ ಕೋಥ್ರೂಡ್‌ನ ಓದುಗರು): ಗೋವಾ ಮತ್ತು ನೇತ್ರಾಣಿಯಲ್ಲಿ ಸುಮಾರು 40 ಡೈವ್ ಮಾಡಿದ್ದೇನೆ. ಮುಂದಿನ ವರ್ಷ ಐಸ್‌ಲೆಂಡಿನ ಸಿಲ್ಫ್ರಾ ಎಂಬ, ನೀರು ತುಂಬಿದ ಬಿರುಕಿನಲ್ಲಿ, ಆಮೇಲೆ ಮಗಳು ನೆಲೆಸಿರುವ ನಾರ್ವೆಯ ಕಡಲಿನಲ್ಲಿ ಮುಳುಗುವ ಆಸೆಯಿದೆ. ಡ್ರೈಸೂಟ್ ಕೊಳ್ಳುವುದಾದರೆ ನಿಯೋಪ್ರೀನ್‌ನದನ್ನು ಕೊಳ್ಳಲೇ, ಟ್ರೈಲ್ಯಾಮಿನೇಟ್‌ನದನ್ನು ಕೊಳ್ಳಲೇ? ದಪ್ಪ ನಿಯೋಪ್ರೀನ್ ಆದರೆ ಒಳಗೆ ಬೇರೇನೂ ಬೇಡವೆಂದು ಪರಿಚಿತರೊಬ್ಬರು ಹೇಳುತ್ತಾರೆ.

ಉತ್ತರ: ಡ್ರೈಸೂಟ್ ಎಂದರೆ ಕತ್ತು, ಮಣಿಕಟ್ಟುಗಳಲ್ಲಿ ನೀರು ತಡೆಯುವ ಬಿಗಿ ಪಟ್ಟಿಗಳು (ಸೀಲು), ಗಾಳಿ ತುಂಬಲು ಮತ್ತು ಬಿಡಲು ವಾಲ್ವುಗಳು ಇರುವ, ಒಳಗೆ ನೀರು ಬಿಡದ ಡೈವಿಂಗ್ ಉಡುಪು. ನೀವು ಸೂಟಿನಿಂದ ಆರಂಭಿಸಿದ್ದೀರಿ, ನಾನು ಒಳ ಉಡುಪಿನಿಂದ ಆರಂಭಿಸುತ್ತೇನೆ. ನೀರು ನಿಶ್ಚಲ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖವನ್ನು ಸಾಗಿಸುವುದರಿಂದ, ತಣ್ಣೀರಿನಲ್ಲಿ ನಮ್ಮನ್ನು ಕಾಯುವುದು ಮೈಗೂ ನೀರಿಗೂ ನಡುವೆ ಅಲುಗಾಡದೆ ನಿಂತ ಗಾಳಿಯ ಪದರ ಮಾತ್ರ. ಆ ಗಾಳಿಯನ್ನು ಹಿಡಿದಿಡುವ ಕೆಲಸ ಒಳ ಉಡುಪಿನದು, ಅದು ಒದ್ದೆಯಾಗದಂತೆ ನೋಡಿಕೊಳ್ಳುವುದು ಸೂಟಿನದು. ಟ್ರೈಲ್ಯಾಮಿನೇಟ್ ಎಂದರೆ ಎರಡು ಬಟ್ಟೆಗಳ ನಡುವೆ ಬ್ಯೂಟೈಲ್ ರಬ್ಬರಿನ ಪದರವನ್ನು ಕೂಡಿಸಿದ ತೆಳ್ಳನೆಯ ವಸ್ತು. ಮಳೆಗಾಲದಲ್ಲಿ ನಾವು ತೊಡುವ ರೇನ್‌ಕೋಟಿನಂತೆ ಅದಕ್ಕೆ ಸ್ವಂತದ ಬಿಸುಪು ಇಲ್ಲವೆಂದೇ ಹೇಳಬೇಕು. ನಿಯೋಪ್ರೀನ್ ಎಂಬ ಕೃತಕ ರಬ್ಬರಿನಲ್ಲಿ ಗಾಳಿಗುಳ್ಳೆಗಳಿರುವುದರಿಂದ ಅದು ತಾನೇ ಸ್ವಲ್ಪ ಬೆಚ್ಚಗಿರುತ್ತದೆ. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟು, 20 ಮೀಟರ್‌ನಲ್ಲಿ ಮೂರರಷ್ಟು ಆಗುವುದರಿಂದ ಆ ಗುಳ್ಳೆಗಳು ಕುಗ್ಗಿ, ಚಳಿ ಹೆಚ್ಚಿರುವ ಆಳದಲ್ಲಿಯೇ ಸೂಟು ತೆಳ್ಳಗಾಗುತ್ತದೆ. ನಿಮ್ಮ ಪರಿಚಿತರ ಮಾತು 15 ಡಿಗ್ರಿಯ ನೀರಿಗೆ ಒಂದಿಷ್ಟು ಹೊಂದೀತು. ಸಿಲ್ಫ್ರಾದ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅಲ್ಲಿ ಹೊಂದದು.

ನಿಮ್ಮಂತೆ ಬೇರೆ ಬೇರೆ ನೀರಿಗೆ ಇಳಿಯುವವರಿಗೆ ನನ್ನ ಆಯ್ಕೆ ಟ್ರೈಲ್ಯಾಮಿನೇಟ್. ನೀರಿನ ಚಳಿಗೆ ತಕ್ಕಂತೆ ಒಳಗಿನ ಪದರಗಳನ್ನು ಬದಲಿಸಿದರೆ ಸಾಕು. ಸೂಟು ಬೇಗ ಒಣಗುತ್ತದೆ, ವಿಮಾನದಲ್ಲಿ ಒಯ್ಯಲು ಹಗುರವೂ ಆಗಿರುತ್ತದೆ. ಅದು ನಿಯೋಪ್ರೀನ್‌ನಂತೆ ಮೈಗೆ ತಕ್ಕಂತೆ ಹಿಗ್ಗುವುದಿಲ್ಲವಾದ್ದರಿಂದ ಅಳತೆಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ನಿಮ್ಮಲ್ಲಿರುವ ಅತ್ಯಂತ ದಪ್ಪ ಒಳ ಉಡುಪನ್ನು ತೊಟ್ಟು, ಅದರ ಮೇಲೆ ಸೂಟು ಹಾಕಿಕೊಂಡು, ಕುಕ್ಕರುಗಾಲಿನಲ್ಲಿ ಕೂತು ನೋಡಿ. ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿ ಎದುರು ಭುಜವನ್ನು ಮುಟ್ಟಿ. ಬೆನ್ನಿನ ಸಿಲಿಂಡರಿನ ವಾಲ್ವ್ ಇರುವ ಎತ್ತರಕ್ಕೆ ಕೈ ಹೋಗುತ್ತದೆಯೇ ಪರೀಕ್ಷಿಸಿ. ಎಲ್ಲಿಯಾದರೂ ಬಟ್ಟೆ ಎಳೆದು ಹಿಡಿದರೆ ಅದು ನಿಮ್ಮ ಸೂಟಲ್ಲ. ಹಾಗೆಂದು ಎರಡು ಅಳತೆ ದೊಡ್ಡದನ್ನು ಕೊಂಡರೆ ಮಿಕ್ಕ ಜಾಗದಲ್ಲಿ ಗಾಳಿ ಅತ್ತಿಂದಿತ್ತ ಓಡಾಡುತ್ತದೆ. ಪುಣೆಯ ಏಪ್ರಿಲ್‌ನಲ್ಲಿ ಇದನ್ನೆಲ್ಲ ಮಾಡುವುದಾದರೆ ಎ.ಸಿ. ಕೋಣೆಯಲ್ಲಿ ಮಾಡಿ, ಇಲ್ಲವಾದರೆ ಅಳತೆ ನೋಡುವ ಮೊದಲೇ ಬೆವತು ಸೋತುಹೋಗುತ್ತೀರಿ.

ಸಿಲ್ಫ್ರಾ ಒಂದಕ್ಕಾಗಿ ಸೂಟು ಕೊಳ್ಳುವ ಅಗತ್ಯವಿಲ್ಲ. ಅಲ್ಲಿ ಕರೆದೊಯ್ಯುವವರೇ ಸೂಟು, ಒಳ ಉಡುಪು ಎರಡನ್ನೂ ಕೊಡುತ್ತಾರೆ. ಅವರು ನಿಮ್ಮಿಂದ ಕೇಳುವುದು ಡ್ರೈಸೂಟ್ ತರಬೇತಿಯ ಪ್ರಮಾಣಪತ್ರ, ಅಥವಾ ಡ್ರೈಸೂಟಿನಲ್ಲಿ ಮಾಡಿದ ಡೈವ್‌ಗಳ ದಾಖಲೆ. ಅದಿಲ್ಲದೆ 40 ಡೈವ್‌ಗಳ ನಿಮ್ಮ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಸಿಲ್ಫ್ರಾದ್ದು ಹಿಮನದಿಯಿಂದ ಬರುವ ಸಿಹಿನೀರು, ನಾರ್ವೆಯದು ಉಪ್ಪುನೀರು ಎಂಬುದೂ ನೆನಪಿರಲಿ. ಉಪ್ಪುನೀರು ಸುಮಾರು ಶೇ 2.5ರಷ್ಟು ಹೆಚ್ಚು ಸಾಂದ್ರವಾದ್ದರಿಂದ, ಉಪಕರಣಗಳೂ ಸೇರಿ 100 ಕಿಲೋ ತೂಗುವವರಿಗೆ ಸಮುದ್ರದಲ್ಲಿ ಮುಳುಗಲು ಕಟ್ಟಿಕೊಳ್ಳುವ ಸೀಸ 2.5 ಕಿಲೋ ಹೆಚ್ಚಿಗೆ ಬೇಕಾಗುತ್ತದೆ. ಸಿಲಿಂಡರಿನ ಗಾಳಿಯನ್ನು ಉಸಿರಾಡಲು ತಕ್ಕ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರನ್ನೂ ಇಲ್ಲಿಂದ ಒಯ್ಯಬೇಡಿ. 10 ಡಿಗ್ರಿಗಿಂತ ತಣ್ಣಗಿನ ನೀರಿಗೆಂದು ಪರೀಕ್ಷಿಸದ ರೆಗ್ಯುಲೇಟರ್ ಒಳಗೇ ಹೆಪ್ಪುಗಟ್ಟಿ, ಸಿಲಿಂಡರಿನ ಗಾಳಿಯನ್ನು ನಿಲ್ಲದೆ ಹೊರಗೆ ಸುರಿಯಬಹುದು.

ಪ್ರಶ್ನೆ (ಗೋವಾದ ವಾಸ್ಕೋದಿಂದ ಓದುಗರೊಬ್ಬರು): ನನ್ನ ಬಳಿ ಚಳಿಗಾಲದ ಹತ್ತಿಯ ಥರ್ಮಲ್ ಇದೆ. ಡ್ರೈಸೂಟಿನೊಳಗೆ ನೀರು ಬರುವುದೇ ಇಲ್ಲವೆಂದ ಮೇಲೆ ಅದೇ ಸಾಲದೇ? ಅಭ್ಯಾಸವನ್ನು ಗೋವಾದಲ್ಲಿಯೇ ಮಾಡಬಹುದೇ?

ಉತ್ತರ: ಸಾಲದು. ಹೊರಗಿನ ನೀರು ಬಾರದಿದ್ದರೂ ಒಳಗಿನ ಬೆವರು ಇದ್ದೇ ಇರುತ್ತದೆ. ನಾನು ಮೊದಲ ಬಾರಿ ಸ್ಕಾಟ್ಲೆಂಡಿನ ಸರೋವರವೊಂದಕ್ಕೆ ಇಳಿದಾಗ ಊರಿನ ಅಭ್ಯಾಸದಂತೆ ಅಡಿಯಲ್ಲಿ ಹತ್ತಿಯ ಬನಿಯನ್ ತೊಟ್ಟಿದ್ದೆ. ದಡದಲ್ಲಿ ಸಿಲಿಂಡರ್, ಸೀಸ ಎಲ್ಲವನ್ನೂ ಹೊತ್ತು ಕಾಲು ಗಂಟೆ ನಡೆದಾಗ ಬೆವರಿ, ಆ ಬನಿಯನ್ ಒದ್ದೆ ಪಂಚೆಯಂತೆ ಬೆನ್ನಿಗೆ ಅಂಟಿಕೊಂಡಿತು. ಸೂಟಿನೊಳಗೆ ಒಂದು ಹನಿ ಸೋರದಿದ್ದರೂ 20 ನಿಮಿಷಕ್ಕೆ ಹಲ್ಲು ಕಟಕಟಿಸಲು ಶುರುವಾಗಿ ಮೇಲೆ ಬರಬೇಕಾಯಿತು.

ಮಲೆನಾಡಿನಲ್ಲಿ ನಾಟಿಯ ದಿನಗಳಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ: ಉಣ್ಣೆ ನೆನೆದರೂ ಬಿಸುಪನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮೈಗೆ ತಾಗುವ ಮೊದಲ ಪದರ ತೆಳ್ಳನೆಯ ಮೆರಿನೋ ಉಣ್ಣೆಯದೋ, ಬೆವರನ್ನು ಮೈಯಿಂದ ದೂರ ಒಯ್ಯುವ ಪಾಲಿಯೆಸ್ಟರ್‌ನದೋ ಇರಲಿ. ಅದರ ಮೇಲೆ ಫ್ಲೀಸ್, ಇಲ್ಲವೇ ತೀರ ತಣ್ಣೀರಿಗಾದರೆ ಥಿನ್ಸುಲೇಟ್ ಎಂಬ ನವಿರಾದ ಕೃತಕ ನಾರು ತುಂಬಿದ ಉಡುಗೆ. ದಪ್ಪನೆಯ ಒಂದೇ ಉಡುಗೆಗಿಂತ ಎರಡು ಸಾಧಾರಣ ಪದರಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ, ಬೇಕಾದಾಗ ಒಂದನ್ನು ಕಳಚಬಹುದು. ಪಾದಕ್ಕೆ ಎರಡು ಜೊತೆ ಉಣ್ಣೆ ಕಾಲುಚೀಲ ತೊಟ್ಟು, ಬೂಟು ಬಿಗಿಯಾದರೆ ಒಂದನ್ನು ತೆಗೆದುಬಿಡಿ, ಏಕೆಂದರೆ ಒತ್ತಿ ಹಿಡಿದ ಉಣ್ಣೆಯಲ್ಲಿ ಗಾಳಿಗೆ ಜಾಗವಿಲ್ಲ. ಎಡತೋಳಿನ ಮೇಲ್ಭಾಗದಲ್ಲಿರುವ ಗಾಳಿ ಬಿಡುವ ವಾಲ್ವಿನ ಬಾಯಿಗೆ ಬಟ್ಟೆಯ ಮಡಿಕೆ ಅಡ್ಡ ಬರದಂತೆಯೂ ನೋಡಿಕೊಳ್ಳಬೇಕು.

ಅಭ್ಯಾಸಕ್ಕೆ ಗೋವಾ ಅಡ್ಡಿಯಿಲ್ಲ. ಗ್ರಾಂಡೆ ದ್ವೀಪದ ಸುತ್ತಲಿನ ನೀರು 27, 28 ಡಿಗ್ರಿ ಇರುವುದರಿಂದ ಅಲ್ಲಿ ನಿಮಗೆ ಎದುರಾಗುವುದು ಚಳಿಯಲ್ಲ, ಸೆಕೆ. ತೆಳ್ಳನೆಯ ಮೊದಲ ಪದರವನ್ನಷ್ಟೇ ತೊಟ್ಟು, ಸೂಟಿನ ಝಿಪ್ಪನ್ನು ದೋಣಿಯಲ್ಲಿ ಕೊನೆಯ ಗಳಿಗೆಯಲ್ಲಿ ಎಳೆದುಕೊಳ್ಳಿ. ಈಜುಕೊಳದಲ್ಲಿ ಆರಂಭಿಸುವುದು ಇನ್ನೂ ಉತ್ತಮ. ಅಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ, ಕಾಲು ಮೇಲಾದಾಗ ಏನು ಮಾಡಬೇಕೆಂಬುದು. ಸೂಟಿನ ಗಾಳಿ ಪಾದಗಳ ಕಡೆಗೆ ಓಡಿದರೆ ಬೂಟುಗಳು ಬಲೂನಿನಂತೆ ಉಬ್ಬಿ, ತಲೆ ಕೆಳಗಾಗಿ ಮೇಲಕ್ಕೆ ಎಳೆಯಲ್ಪಡುತ್ತೀರಿ. ವಾಲ್ವ್ ತೋಳಿನಲ್ಲಿ, ಅಂದರೆ ಈಗ ಎಲ್ಲಕ್ಕಿಂತ ಕೆಳಗೆ, ಇರುವುದರಿಂದ ಅದು ಗಾಳಿಯನ್ನು ಬಿಡುವುದಿಲ್ಲ. ಆಗ ಮಂಡಿಗಳನ್ನು ಎದೆಗೆ ಎಳೆದುಕೊಂಡು ಉರುಳಿ, ತಲೆ ಮೇಲಾದ ಕೂಡಲೇ ಎಡ ಮೊಣಕೈಯನ್ನು ಎತ್ತಿ ಗಾಳಿ ಬಿಡಬೇಕು. ಯೋಚಿಸದೆ ಮಾಡುವಷ್ಟು ರೂಢಿಯಾಗುವವರೆಗೂ ಇದನ್ನು ಮಾಡಿ. ಇಳಿಯುವಾಗಲೂ ಮೈಯನ್ನು ಸೂಟು ಹಿಂಡುವುದು ನಿಲ್ಲುವಷ್ಟು ಮಾತ್ರ ಗಾಳಿ ತುಂಬಿಕೊಳ್ಳಿ.

ಪ್ರಶ್ನೆ (ಮುಂಬಯಿ ಬಳಿಯ ಡೊಂಬಿವಲಿಯ ಓದುಗರು): ವಿದೇಶದಿಂದ ಮರಳಿದ ಗೆಳೆಯರೊಬ್ಬರು ಎರಡು ವರ್ಷ ಕಪಾಟಿನಲ್ಲಿದ್ದ ಡ್ರೈಸೂಟನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಕತ್ತಿನ ಸೀಲ್ ಕೈಗೆ ಅಂಟುತ್ತದೆ. ಕೊಳ್ಳಬಹುದೇ?

ಉತ್ತರ: ಆ ಅಂಟು ಸೀಲಿನ ರಬ್ಬರು, ಅಂದರೆ ಲೇಟೆಕ್ಸ್, ಕೊಳೆತುಹೋದ ಗುರುತು. ಪಾಕ ಕೆಟ್ಟ ಬೆಲ್ಲದಂತಾದ ಸೀಲನ್ನು ಪೌಡರ್ ಹಾಕಿ ಉಳಿಸಲಾಗದು, ಬದಲಿಸಲೇಬೇಕು. ಬಿಸಿಲು, ಸೆಕೆ, ಎಣ್ಣೆ ಇವು ಲೇಟೆಕ್ಸಿನ ಶತ್ರುಗಳು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಡೈವಿಗೆ ಬರುವ ನಮ್ಮವರ ಕತ್ತಿನ ಸೀಲುಗಳು ಬೇಗ ಹಾಳಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಸೀಲನ್ನು ಉಂಗುರಕ್ಕೆ ಸಿಕ್ಕಿಸುವ ವ್ಯವಸ್ಥೆಯಿರುವ ಸೂಟಾದರೆ ಸಿಲಿಕೋನ್ ಸೀಲು ಹಾಕಿಸಿ, ಅದನ್ನು ಗೋಂದಿಲ್ಲದೆ ಮನೆಯಲ್ಲಿಯೇ ಬದಲಿಸಬಹುದು. ಆದರೆ ಉಗುರು ತಾಗಿದರೆ ಅದು ಥಟ್ಟನೆ ಹರಿಯುತ್ತದೆ.

ಸೀಲು ದೊಡ್ಡ ಖರ್ಚಲ್ಲ, ಝಿಪ್ಪು ದೊಡ್ಡ ಖರ್ಚು. ಹಣ ಕೊಡುವ ಮೊದಲು ಹೀಗೆ ಮಾಡಿ: ಎರಡು ಕೈಸೀಲುಗಳಿಗೂ ಒಂದೊಂದು ಬಾಟಲಿಯನ್ನೂ, ಕತ್ತಿನ ಸೀಲಿಗೆ ನುಣುಪಾದ ಉಪ್ಪಿನಕಾಯಿ ಜಾಡಿಯನ್ನೂ ತುರುಕಿ, ಝಿಪ್ಪು ಮುಚ್ಚಿ, ವಾಲ್ವಿನಿಂದ ಗಾಳಿ ತುಂಬಿಸಿ, ಸೂಟಿನ ಮೇಲೆಲ್ಲ ಸಾಬೂನು ನೀರು ಸವರಿ. ಹೊಲಿಗೆಯಲ್ಲಿ ಒಂದೆರಡು ಕಡೆ ಗುಳ್ಳೆ ಎದ್ದರೆ ಅಲ್ಲಿ ಗುರುತು ಹಾಕಿಟ್ಟು ಒಳಗಿನಿಂದ ಅಂಟು ಬಳಿಯಬಹುದು. ಝಿಪ್ಪಿನ ಹಲ್ಲುಗಳ ಸಾಲಿನಲ್ಲಿ ಗುಳ್ಳೆ ಎದ್ದರೆ, ಇಲ್ಲವೇ ಝಿಪ್ಪು ಹಿತ್ತಾಳೆಯದಾಗಿದ್ದು ಮಡಿಚಿಟ್ಟಲ್ಲಿ ಬಾಗಿದ್ದರೆ, ಸೂಟನ್ನು ಗೆಳೆಯರಿಗೇ ಮರಳಿಸಿ.