ತಾನಾಗಿಯೇ ಮರೆಯಾದ ಮಚ್ಚೆ

ಪ್ರಶ್ನೆ: ನನಗೆ 66 ವರ್ಷ, ಸೋಮವಾರಪೇಟೆ ಬಳಿ ಕಾಫಿ ತೋಟವಿದೆ. ಬೇಸಿಗೆಯಲ್ಲಿ ನನ್ನ ಬೋಳುನೆತ್ತಿಯ ಮೇಲೆ ಕಂಡ ಒರಟು ಮಚ್ಚೆಯನ್ನು ಚರ್ಮವೈದ್ಯರು ‘ಆಕ್ಟಿನಿಕ್ ಕೆರಟೋಸಿಸ್, ಕ್ಯಾನ್ಸರ್‌ಪೂರ್ವ ಹಂತ’ ಎಂದಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಔಷಧವಿಲ್ಲದೆ ಮಾಯವಾಗಿದೆ. ಇದು ಸಾಧ್ಯವೇ? ಮತ್ತೆ ತೋರಿಸಬೇಕೇ?

ಉತ್ತರ: ಸಾಧ್ಯ. ಆಸ್ಟ್ರೇಲಿಯಾದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂತಹ ಮಚ್ಚೆಗಳ ಪೈಕಿ ಸುಮಾರು ನಾಲ್ಕನೇ ಒಂದು ಭಾಗ ವರ್ಷದೊಳಗೆ ತಾವಾಗಿಯೇ ಮರೆಯಾಗಿದ್ದವು. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮಕೋಶಗಳ ಡಿಎನ್‌ಎಯನ್ನು ಕೆಡಿಸುವುದಲ್ಲದೆ, ಅಂಥ ಕೆಟ್ಟ ಕೋಶಗಳನ್ನು ಗುರುತಿಸಿ ತೆಗೆದುಹಾಕಬೇಕಾದ ರೋಗನಿರೋಧಕ ವ್ಯವಸ್ಥೆಯನ್ನೂ ಚರ್ಮದಲ್ಲಿ ಕುಗ್ಗಿಸುತ್ತವೆ. ಆದ್ದರಿಂದ ಬಿಸಿಲು ತಗ್ಗಿದಾಗ ದೇಹದ ಕೈ ಮೇಲಾಗಬಹುದು. 1993ರ ಇನ್ನೊಂದು ಆಸ್ಟ್ರೇಲಿಯನ್ ಪ್ರಯೋಗದಲ್ಲಿ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಹೊಸ ಮಚ್ಚೆಗಳು ಕಡಿಮೆಯಾದುದಷ್ಟೇ ಅಲ್ಲ, ಹಳೆಯವೂ ಹೆಚ್ಚು ಮರೆಯಾದವು. ಕೊಡಗಿನ ಮಳೆ, ಮೋಡ ನಿಮಗೆ ಅದೇ ಉಪಕಾರ ಮಾಡಿರಬಹುದೆಂಬುದು ನನ್ನ ಊಹೆ.

ಆದರೆ ಮರೆಯಾದ ಮಚ್ಚೆ ಅದೇ ಜಾಗದಲ್ಲಿ ಮರಳುವುದು ಅಪರೂಪವಲ್ಲ, ಸುತ್ತಲಿನ ಚರ್ಮವೂ ಅಷ್ಟೇ ಬಿಸಿಲುಂಡಿರುತ್ತದೆ. ಇದು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ: ನೆತ್ತಿ, ಕಿವಿಯಂಚುಗಳನ್ನು ತಿಂಗಳಿಗೊಮ್ಮೆ ಸವರಿದಾಗ ಉಪ್ಪುಕಾಗದದಂಥ ತರಿ ತಾಗುತ್ತದೆಯೇ ನೋಡಿ. ಒಂದು ಮಚ್ಚೆ ಕ್ಯಾನ್ಸರಾಗುವ ಸಂಭವ ಬಹಳ ಕಡಿಮೆಯಾದರೂ, ಯಾವುದು ಆಗುತ್ತದೆಂದು ಮೊದಲೇ ಹೇಳಲಾಗದು. ಹಾಗಾಗಿ ಒಮ್ಮೆ ತೋರಿಸಿ. ದಪ್ಪವಾದರೆ, ನೋವಾದರೆ, ರಕ್ತ ಒಸರಿದರೆ ತಡಮಾಡಬೇಡಿ. ಕಾಫಿ ಒಣಗಿಸುವ ಕಣದಲ್ಲಿ ನಿಲ್ಲುವಾಗ ಕಿವಿಯನ್ನೂ ಮರೆಮಾಡುವ ಅಗಲ ಅಂಚಿನ ಟೋಪಿ ಇರಲಿ.